ಮರದ ಮೇಲಿನ ಫಸಲೂ ವಿಮಾನದ ಆಸನವೂ

ಅಡಕೆಯು ಮರದ ಮೇಲಿರುವಾಗಲೇ ಫಸಲನ್ನು ಗುತ್ತಿಗೆಗೆ ಕೊಡುವ ರೂಢಿಯು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಗೃಹಸ್ಥರಿಗೆ ಹೊಸದಲ್ಲ. ದರವೇರಿದರೆ ಲಾಭವು ಗುತ್ತಿಗೆದಾರನದು; ಕೊಳೆರೋಗದಿಂದ ಕಾಯಿ ಉದುರಿದರೆ ನಷ್ಟವೂ ಅವನದೇ. ವಿಮಾನದ ಆಸನಗಳನ್ನೂ ಹೀಗೆಯೇ ಗುತ್ತಿಗೆಗೆ ಕೊಡುವುದುಂಟೆಂದರೆ ನಮ್ಮ ವಾಚಕರಿಗೆ ಸೋಜಿಗವೆನಿಸೀತು.

ಬರಿದಾಗಿ ಹಾರಿಹೋದ ಆಸನವನ್ನು ಮರುದಿನ ಮಾರಲಾಗದು. ಆದುದರಿಂದ, ಜರ್ಮನಿಯಲ್ಲಿ 1955ರಲ್ಲಿ ಹುಟ್ಟಿ 1961ರಲ್ಲಿ ‘ಕಾಂಡೋರ್’ ಎಂಬ ಹೆಸರನ್ನು ತಳೆದ ಸಂಸ್ಥೆಯು, ಪ್ರವಾಸಗಳನ್ನು ಏರ್ಪಡಿಸುವ ವ್ಯಾಪಾರಿಗಳಿಗೆ ಆಸನಗಳನ್ನು ಒಟ್ಟಾಗಿ ಮುಂಚಿತವಾಗಿಯೇ ಒಪ್ಪಿಸುವ ಮಾರ್ಗವನ್ನು ಹಿಡಿಯಿತು. 1956ರ ಮಾರ್ಚಿ ತಿಂಗಳಿನಲ್ಲಿ ಅದರ ಮೊದಲನೆಯ ಹಾರಾಟವು ಪವಿತ್ರಭೂಮಿಯ ಯಾತ್ರಿಕರಿಗಾಗಿಯೇ ನಡೆಯಿತು. 1980ರ ದಶಕದಲ್ಲಿ ಅದರ ವಿಮಾನಗಳು ನಮ್ಮ ನೆರೆಯ ಗೋವೆಗೂ ರಜೆಯ ಪ್ರವಾಸಿಗಳನ್ನು ತಂದುವು.

ನಮ್ಮ ನಾಡಿನ ಕಥೆಯು ಬೇರೊಂದು ಬಗೆಯದು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥರು 1997ರಲ್ಲಿ ಬೆಂಗಳೂರಿನಲ್ಲಿ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಕೊಡುವ ಉದ್ಯಮವನ್ನು ಆರಂಭಿಸಿದರು. 2003ರಲ್ಲಿ ‘ಏರ್ ಡೆಕ್ಕನ್’ ಸಂಸ್ಥೆಯನ್ನು ಕಟ್ಟಿ, ಗುತ್ತಿಗೆಯನ್ನು ಬಿಟ್ಟು, ಆಸನಗಳನ್ನು ಜನಸಾಮಾನ್ಯರಿಗೆ ಬಿಡಿಬಿಡಿಯಾಗಿ ಮಾರತೊಡಗಿದರು. ಊಟೋಪಚಾರವಿಲ್ಲ, ಆದರೆ ದರವು ಅಲ್ಪ. ಕೆಲವು ಆಸನಗಳು ಒಂದು ರೂಪಾಯಿಗೂ ದೊರೆತುವು. ಅದರ ವಿಮಾನಗಳು ಹುಬ್ಬಳ್ಳಿಗೂ ಬಂದುದರಿಂದ, ರಾತ್ರಿಯ ಬಸ್ಸಿನ ಹೊರತು ಬೇರೆ ದಾರಿ ಕಾಣದಿದ್ದ ಘಟ್ಟದ ಮೇಲಿನ ವೃದ್ಧ ತಾಯ್ತಂದೆಗಳಿಗೂ ಬೆಂಗಳೂರಿನ ಮಕ್ಕಳ ಮನೆ ಹತ್ತಿರವಾಯಿತು.

ಆದರೆ ಬಿಡಿ ಮಾರಾಟದಲ್ಲಿ ನಷ್ಟವನ್ನು ಹೊರುವ ಗುತ್ತಿಗೆದಾರನಿಲ್ಲ. ವೆಚ್ಚಕ್ಕೆ ದರವು ಸಾಲದೆ ನಷ್ಟವು ಬೆಳೆಯಿತು. 2007ರಲ್ಲಿ ಕಿಂಗ್‌ಫಿಷರ್ ಒಡೆಯರು ಸಂಸ್ಥೆಯ ಪಾಲನ್ನು ಕೊಂಡರು. 2008ರಲ್ಲಿ ಅದರ ಹೆಸರೂ ಅಳಿಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನಗಳೂ ನಿಂತುಹೋದುವು.

ಹಾಗೆಂದು ಗುತ್ತಿಗೆಯೇ ಅಭಯವೆಂದು ತಿಳಿಯಲಾಗದು. 2019ರಲ್ಲಿ ಕಾಂಡೋರಿನ ಒಡೆತನವಿದ್ದ ಥಾಮಸ್ ಕುಕ್ ಸಂಸ್ಥೆಯೇ ದಿವಾಳಿಯಾಯಿತು; ಲಕ್ಷಾಂತರ ಪ್ರವಾಸಿಗಳು ಪರದೇಶಗಳಲ್ಲಿ ಸಿಲುಕಿದರು. ಜರ್ಮನಿಯ ಸರಕಾರವು 38 ಕೋಟಿ ಯೂರೋಗಳ ಸಾಲಕ್ಕೆ ಆಸರೆಯಾದುದರಿಂದ ಕಾಂಡೋರ್ ಉಳಿಯಿತು.

ಅಗ್ಗವಾದ ದರವನ್ನು ನಾವು ಹಳಿಯುವುದಿಲ್ಲ. ಬಡವನೂ ಹಾರಿದುದು ಅದರಿಂದಲೇ. ಆದರೂ ಗುತ್ತಿಗೆದಾರನ ಯೋಗ್ಯತೆಯನ್ನು ವಿಚಾರಿಸದೆ ತೋಟವನ್ನು ಒಪ್ಪಿಸುವ ಗೃಹಸ್ಥನುಂಟೇ? ಪ್ರವಾಸಕ್ಕೆಂದು ತಿಂಗಳುಗಳ ಮೊದಲೇ ಹಣವನ್ನು ತೆರುವಾಗಲೂ, ವಿಮಾನವು ಹಾರದಿದ್ದರೆ ಅದನ್ನು ಮರಳಿ ಕೊಡುವವರು ಯಾರೆಂದು ಕೇಳಿ ತಿಳಿದುಕೊಳ್ಳುವುದು ಲೇಸು.