ಪಾತ್ರಕ್ಕೂ ಜಮಾ-ಖರ್ಚು ಇರಲಿ

ಆನ್‌ಲೈನ್‌ನಲ್ಲಿ ಗುಂಪು ಕಟ್ಟಿಕೊಂಡು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಬೆಳೆಸುವ ರೋಲ್‌ಪ್ಲೇ ಆಟ ನಮ್ಮ ಕಾಲೇಜಿನಲ್ಲೂ ಹಲವರಿಗೆ ಗೊತ್ತು. ಇದು ಸಮಯ ಹಾಳು ಎನ್ನುವವರಿದ್ದಾರೆ. ಪಾತ್ರಗಳು ಪೊಳ್ಳಾಗಿದ್ದರೆ ಆ ಮಾತು ನಿಜ.

ಹೊಸಬರ ಪಾತ್ರ ಸಾಮಾನ್ಯವಾಗಿ ಸೋಲನ್ನೇ ಕಾಣದ ವೀರ. ಅಕೌಂಟೆನ್ಸಿಯಲ್ಲಿ ಪ್ರತಿ ಡೆಬಿಟ್‌ಗೂ ಕ್ರೆಡಿಟ್ ಇರಲೇಬೇಕು. ಪಾತ್ರಕ್ಕೂ ಅಷ್ಟೆ, ಬಲ ಮಾತ್ರ ಇದ್ದು ಕೊರತೆ ಇಲ್ಲದಿದ್ದರೆ ಲೆಕ್ಕ ಟ್ಯಾಲಿ ಆಗುವುದಿಲ್ಲ. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂಥ ಆಟಗಳಿಗೆ ದಾರಿ ಹಾಕಿತು. ಅದರ 2014ರ ನಿಯಮ ಪುಸ್ತಕ ಪಾತ್ರದ ಸ್ವಭಾವ, ಆದರ್ಶ, ನಂಟುಗಳ ಜೊತೆಗೆ ದೌರ್ಬಲ್ಯವನ್ನೂ ಬರೆದುಕೊಳ್ಳಲು ಹೇಳುತ್ತದೆ.

ನಮ್ಮ ಗುಂಪಿನಲ್ಲಿ ಒಬ್ಬರು ಮುಸ್ಲಿಂ ವ್ಯಾಪಾರಿಯ ಪಾತ್ರ ತಂದರು: ಅತ್ತರು, ಶೇರ್ವಾನಿ, ಹರಕು ಕನ್ನಡ. ಸಿನಿಮಾದಿಂದ ಇಳಿಸಿದ್ದು. ಮನೆಯಲ್ಲಿ ಉರ್ದು ಮಾತಾಡುವ ನನಗೆ ಆ ಮನುಷ್ಯನ ಗುರುತೇ ಸಿಗಲಿಲ್ಲ. ಜಗಳಕ್ಕೆ ಹೋಗದೆ ಮೂರು ಪ್ರಶ್ನೆ ಕೇಳಿದೆ. ಅವನ ಅಂಗಡಿ ಬಾಡಿಗೆ ಎಷ್ಟು ತಿಂಗಳು ಬಾಕಿ? ಯಾರ ಮುಂದೆ ಅವನಿಗೆ ಮಾತು ಹೊರಡುವುದಿಲ್ಲ? ಮನೆಯಲ್ಲಿ ಯಾವ ಸುಳ್ಳು ಹೇಳಿದ್ದಾನೆ? ಮುಂದಿನ ವಾರ ಆ ವ್ಯಾಪಾರಿ, ತಂಗಿಯ ಫೀಸಿಗೆ ಸಾಲ ಮಾಡಿ ಅದನ್ನು ಅವಳಿಂದ ಮುಚ್ಚಿಟ್ಟ ಅಣ್ಣನಾಗಿದ್ದ. ಶೇರ್ವಾನಿ ತಾನಾಗಿಯೇ ಹೋಗಿತ್ತು.

ಆದ್ದರಿಂದ ಹಳೆಯ ಸದಸ್ಯರಲ್ಲಿ ನನ್ನ ವಿನಂತಿ: ಹೊಸಬರ ಪಾತ್ರ ನೋಡಿ ನಗಬೇಡಿ, ನೀವೇ ತಿದ್ದಿ ಬರೆದುಕೊಡಲೂ ಬೇಡಿ. ಪ್ರಶ್ನೆ ಕೇಳಿ, ಉತ್ತರ ಅವರೇ ಹುಡುಕಲಿ. ಆಟದಲ್ಲಿ ಹೀಗೆ ಕೇಳಿ ರೂಢಿಯಾದವರು ಪಕ್ಕದ ಬೆಂಚಿನವರ ಬಗ್ಗೆಯೂ ಆತುರದ ತೀರ್ಪು ಕೊಡುವುದಿಲ್ಲ ಎಂಬುದು ನನ್ನ ನಂಬಿಕೆ.