ನಮ್ಮ ಕೂಸಿನ ಕ್ಲಾಸ ಬಿಡಿಸೂದಿಲ್ಲ

ಹೋದ ಶುಕ್ರವಾರ ಚೈತ್ರಗೌರಿ ಅರಿಷಿಣ-ಕುಂಕುಮಕ್ಕ ನೀವೆಲ್ಲಾ ನಮ್ಮನಿಗೆ ಬಂದದ್ದು ಭಾಳ ಸಂತೋಷ ಆತು. ಕೋಸಂಬರಿಗೆ ಉಪ್ಪು ಒಂದೀಟು ಕಡಿಮಿ ಆಗಿತ್ತು, ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರ ಉಡಿ ತುಂಬಿಸಿಕೊಂಡು ಹೋಗೂಮುಂದ ಹೊಚ್ಚಲದಾಗ ನಿಂತು ನಮ್ಮ ಕೂಸಿನ ಬಗ್ಗೆ ಒಬ್ಬೊಬ್ಬರು ಒಂದೊಂದು ಮಾತು ಹೇಳಿ ಹೋದ್ರೆಲ್ಲಾ, ಅದಕ್ಕ ಅವತ್ತು ನಾ ಉತ್ತರ ಕೊಡಲಿಲ್ಲ. ಕುಂಕುಮಕ್ಕ ಬಂದವರ ಜೋಡಿ ವಾದಕ್ಕ ನಿಲ್ಲಬಾರದಂತ ನಮ್ಮವ್ವ ಕಲಿಸ್ಯಾಳ. ಬರಿಯಬಾರದಂತ ಏನೂ ಹೇಳಿಲ್ಲ. ಅದಕ್ಕ ಬರೀಲಿಕತ್ತೇನಿ.

ಆಗಿದ್ದಿಷ್ಟು. ನಮ್ಮ ಮೊಮ್ಮಗಳು ಪಡಸಾಲಿ ಗ್ವಾಡಿಗೆ ಕಾಲು ಹಚ್ಚಿ ತಲಿಕೆಳಗ ನಿಂತಿದ್ಲು. ಅದನ್ನ ನೋಡಿ ಒಬ್ಬ ವೈನಿ, "ಇನ್ನೂ ಆ ಲಾಗಾ ಹಾಕೂ ಕ್ಲಾಸಿಗೆ ಕಳಿಸ್ತೀರೇನ್ರಿ? ಹತ್ತು ತುಂಬಿದ್ವು, ಸಾಕ ಮಾಡ್ರಿ" ಅಂದ್ರು. ಇನ್ನೊಬ್ಬರು "ಎತ್ತರ ಬೆಳಿಯೂದಿಲ್ಲವಾ, ಟಿವ್ಯಾಗ ನೋಡೀಯಿಲ್ಲ, ಎಲ್ಲಾರೂ ಗಿಡ್ಡಗಿಡ್ಡ" ಅಂದ್ರು. ನಮ್ಮ ನೆಗೆಣ್ಣಿ "ಡೊಂಬರಾಟ ಏನಿದು" ಅಂದು ನಕ್ಕಳು. ಕಡೀಗೆ ಒಬ್ಬರು ನನ್ನ ಕೈ ಹಿಡದು ಅಡಗಿಮನಿಗೆ ಕರಕೊಂಡು ಹೋಗಿ ಕಿವ್ಯಾಗ ಒಂದು ಮಾತು ಹೇಳಿದ್ರು. ಅದನ್ನ ಆಮ್ಯಾಲೆ ಹೇಳ್ತೀನಿ.

ಪಿಯುಸಿ ಓದಿದಾಕಿಗೆ ಜಿಮ್ನಾಸ್ಟಿಕ್ಸ್ ಬಗ್ಗೆ ಏನು ತಿಳೀತದ ಅಂತ ನೀವು ಕೇಳಬಹುದು. ಎರಡೂವರಿ ವರ್ಷದಿಂದ ವಾರಕ್ಕ ಮೂರು ದಿನ ಆಕಿನ್ನ ಕರಕೊಂಡು ಹೋಗೂ ಕೆಲಸ ನಂದು. ಮಗಳು ನೌಕರಿಯಿಂದ ಬರೂದು ಏಳಕ್ಕ. ಆ ಹಾಲಿನ ಮೂಲ್ಯಾಗ ಪ್ಲಾಸ್ಟಿಕ್ ಖುರ್ಚಿ ಮ್ಯಾಲೆ ಕೂತು ಶೇಂಗಾ ಸುಲಕೋತ, ಮೆಂತೆಪಲ್ಲೆ ಸೋಸಕೋತ ನೋಡೇನಿ. ನೀವು ಟಿವ್ಯಾಗ ನೋಡಿದ್ದು ಹತ್ತು ನಿಮಿಷ, ನಾ ನೋಡಿದ್ದು ಎರಡೂವರಿ ವರ್ಷ.

ಅಲ್ಲೆ ಮೊದಲ ಏನು ಕಲಿಸಿದ್ರು ಗೊತ್ತದ ಏನ್ರಿ? ಬೀಳೂದು. ಖರೇನ ಹೇಳ್ತೀನಿ, ಮೊದಲ ಎರಡು ತಿಂಗಳು ಹುಡುಗ್ರಿಗೆ ಬೀಳೂದನ್ನೇ ಕಲಿಸಿದ್ರು. ದಪ್ಪನ ಗಾದಿ ಹಾಕಿ, ಹಿಂದಕ್ಕ ಬೀಳೂಮುಂದ ಕೈ ಊರಬ್ಯಾಡ, ಮುಂಗೈ ಮುರೀತದ; ಗದ್ದ ಎದಿಗೆ ಹಚ್ಚು, ಬೆನ್ನು ಗುಂಡಗ ಮಾಡು, ಉರುಳು. ಜಿಗದು ಇಳಿಯೂಮುಂದ ಮಣಕಾಲು ಸೆಟಸಬ್ಯಾಡ, ಮಡಚು. ಇಷ್ಟ. "ಇದಕ್ಕ ಇಷ್ಟು ರೊಕ್ಕ ಕೊಡಬೇಕಾ" ಅಂತ ನಾನೂ ಗೊಣಗಿದ್ದೆ. ಹೋದ ಪಂಚಮಿಗೆ ನಮ್ಮ ಹಿತ್ತಲದಾಗ ಕಟ್ಟಿದ ಜೋಕಾಲಿ ಹಗ್ಗ ಹರೀತು ನೋಡ್ರಿ, ಇಬ್ಬರು ಹುಡುಗ್ಯಾರು ಕೂಡೇ ಬಿದ್ರು. ಒಬ್ಬಾಕಿ ಕೈ ಚಾಚಿದ್ಲು, ಆರು ವಾರ ಪ್ಲಾಸ್ಟರ್. ನಮ್ಮಾಕಿ ಉರುಳಿ ಎದ್ದು ಪರಕಾರ ಝಾಡಿಸಿಕೊಂಡು ಉಂಡಿ ತಿನ್ನಲಿಕ್ಕೆ ಹೋದ್ಲು. ಆವತ್ತಿನಿಂದ ನಾ ರೊಕ್ಕದ ಮಾತು ಎತ್ತಿಲ್ಲ.

ನಮಗೆ ಯಾರೂ ಬೀಳೂದು ಕಲಿಸಲಿಲ್ಲ. "ಬಿದ್ದೀ, ಸಾವಕಾಶ" ಅನ್ನೂದೊಂದೇ ಕಲಿಸಿದ್ರು. ನಮ್ಮ ಅತ್ತಿಯವರು 76ನೇ ವಯಸ್ಸಿಗೆ ಬಚ್ಚಲದಾಗ ಜಾರಿದ್ದು ನಿಮಗೆಲ್ಲಾ ಗೊತ್ತೇ ಅದ. ಒಂದು ಕಟ್ಟೀ ಮ್ಯಾಲಿಂದ ಅಲ್ಲ, ಮೆಟ್ಟಲ ಮ್ಯಾಲಿಂದ ಅಲ್ಲ, ನಿಂತಲ್ಲೇ ಜಾರಿದ್ದು. ಟೊಂಕದ ಎಲುವು ಮುರದು 14 ತಿಂಗಳು ಹಾಸಿಗ್ಯಾಗ ಇದ್ದು ಹೋದ್ರು. ಆ 14 ತಿಂಗಳು ಅವರನ್ನ ಮಗ್ಗಲಾ ಬದಲಿಸಿದ್ದು, ಬೆನ್ನಿಗೆ ಹುಣ್ಣು ಆಗಬಾರದಂತ ಪೌಡರ್ ಹಚ್ಚಿದ್ದು ಈ ಕೈ. ಡಾಕ್ಟರ್ ಎಕ್ಸ್‌ರೇ ಬೆಳಕಿಗೆ ಹಿಡದು "ಎಲುವು ಟೊಳ್ಳಾಗ್ಯಾವ್ರಿ, ಇದು ಇವತ್ತಿಂದಲ್ಲ" ಅಂದ್ರು. ಇವತ್ತಿಂದಲ್ಲ ಅಂದ್ರ ಯಾವತ್ತಿಂದು ಅಂತ ಕೇಳಿದೆ. ಆಗ ಅವರು ಹೇಳಿದ ಮಾತು ನಿಮ್ಮ ಮುಂದ ಇಡ್ತೀನಿ, ಯಾಕಂದ್ರ ಈ ಬರಹ ಶುರು ಆಗೂದೇ ಅಲ್ಲಿಂದ.

ಹುಡುಗಿ ದೊಡ್ಡಾಕಿ ಆಗೂ ಹಿಂದು-ಮುಂದಿನ ನಾಕು ವರ್ಷದಾಗ ಎಲುವು ತುಂಬಿಕೊಳ್ಳೂವಷ್ಟು ಮತ್ತ ಯಾವಾಗಲೂ ತುಂಬಿಕೊಳ್ಳೂದಿಲ್ಲಂತ. ಇಪ್ಪತ್ತೈದು-ಮೂವತ್ತರ ತನಕ ಏನು ಕೂಡೂದದ ಕೂಡ್ತದ, ಆಮ್ಯಾಲೆ ಬ್ಯಾಂಕಿನ ಠೇವಣಿ ಇದ್ದಂಗ. ಮುಟ್ಟು ನಿಂತ ಮ್ಯಾಲೆ ನಾವೆಲ್ಲಾ ಆ ಠೇವಣಿ ಮುರಕೊಂಡು ತಿನ್ನೂದು. ಹಾಲು, ಎಳ್ಳು, ರಾಗಿ ಬೇಕು, ಬಿಸಲೂ ಬೇಕು. ಆದ್ರ ಬರೇ ತಿಂದ್ರ ಸಾಲೂದಿಲ್ಲ, ಎಲುವಿನ ಮ್ಯಾಲೆ ಭಾರ ಬೀಳಬೇಕು. ಜಿಗೀಬೇಕು, ಇಳೀಬೇಕು, ಕೈ ಮ್ಯಾಲೆ ಮೈ ಎತ್ತಬೇಕು. ಜಿಮ್ನಾಸ್ಟಿಕ್ಸ್‌ನಾಗ ಇರೂದೆಲ್ಲಾ ಇದೇ. ಈಗ ನೀವೇ ಲೆಕ್ಕಾ ಹಾಕ್ರಿ. ಯಾವ ನಾಕು ವರ್ಷ ಹುಡುಗಿ ಜಿಗೀಬೇಕೋ, ಕರೆಕ್ಟ್ ಅದೇ ನಾಕು ವರ್ಷ ನಾವು "ಸಾಕ ಮಾಡವಾ, ದೊಡ್ಡಾಕಿ ಆದಿ" ಅಂತ ಕೂಡಸ್ತೀವಿ. ಐವತ್ತು-ಅರವತ್ತು ವರ್ಷದ ಮ್ಯಾಲೆ ಬಚ್ಚಲದಾಗ ಜಾರತೀವಿ.

ಇನ್ನ ಎತ್ತರದ ಮಾತು. ಟಿವ್ಯಾಗ ಇರೂವರು ಗಿಡ್ಡ ಇರ್ತಾರ, ಖರೆ. ಆದ್ರ ಆಟ ಆಡಿ ಗಿಡ್ಡ ಆಗಿಲ್ಲ. ಗಿಡ್ಡ ಮೈಯವರಿಗೆ ಗಾಳ್ಯಾಗ ತಿರಗೂದು ಸಸಾರ, ಅದಕ್ಕ ಅವರೇ ಮುಂದ ಬರ್ತಾರ. ಬಾಸ್ಕೆಟ್‌ಬಾಲ್ ಆಡಿದವರು ಉದ್ದ ಆಗ್ತಾರಂತ ನಮ್ಮ ಗಿಡ್ಡ ಅಳಿಯನ್ನ ಬಾಸ್ಕೆಟ್‌ಬಾಲ್‌ಗೆ ಹಾಕಿದ್ರ ಉದ್ದ ಆಗ್ತಿದ್ರೇನು? (ಅಳಿಯಂದ್ರ ಕ್ಷಮಿಸಬೇಕು.) ಹುಡುಗಿ ಎತ್ತರ ಅವ್ವ-ಅಪ್ಪನ ಕಡೆಯಿಂದ ಬರ್ತದ, ಹೊಟ್ಟಿತುಂಬ ಊಟದಿಂದ ಬರ್ತದ. ಊಟ ಕಡಿಮಿ ಮಾಡ್ಸಿ ದಿನಾ ಐದಾರು ತಾಸು ದುಡಿಸಿದ್ರ ಯಾವ ಆಟ ಆದರೂ ಕೆಟ್ಟದ್ದೇ. ನಮ್ಮಾಕಿ ವಾರಕ್ಕ ಮೂರು ತಾಸು ಹೋಗ್ತಾಳ, ಬಂದು ಮೂರು ಚಪಾತಿ ತಿಂತಾಳ.

ಡೊಂಬರಾಟ ಅಂದಾಕಿ ನಮ್ಮ ನೆಗೆಣ್ಣಿ. ಆಕಿಗೂ ನನಗೂ 33 ವರ್ಷದ ಜಗಳ-ಪ್ರೀತಿ, ಅದಕ್ಕ ಬಿಚ್ಚಿ ಹೇಳ್ತೀನಿ. ನಾವು ಸಣ್ಣಾವರಿದ್ದಾಗ ಸಂತಿ ಬಯಲಾಗ ಡೊಂಬರ ಹುಡುಗಿ ಹಗ್ಗದ ಮ್ಯಾಲೆ ನಡಿಯೂಮುಂದ ಬಾಯಿ ತಕ್ಕೊಂಡು ನೋಡಿ, ಹತ್ತು ಪೈಸಾ ಒಗದು ಬಂದವರೇ ನಾವೆಲ್ಲಾ. ಆಕಿ ವಿದ್ಯಾ ನೋಡಲಿಕ್ಕೆ ಛಲೋ, ನಮ್ಮನಿ ಹುಡುಗಿ ಕಲತ್ರ ಹೆಸರಿಟ್ಟು ಬೈಯೂದು, ಇದ್ಯಾವ ನ್ಯಾಯ? ಆ ಹುಡುಗಿಗೆ ಹೊಟ್ಟಿಪಾಡಿತ್ತು, ಗಾದಿ ಇರಲಿಲ್ಲ. ನಾಚಿಕಿ ಆಗಬೇಕಾದ್ದು ನಮಗ, ಆಕಿಗಲ್ಲ. ಮತ್ತ ಇದು ಪರದೇಶದ್ದು ಅನ್ನೂವರಿಗೂ ಒಂದು ಮಾತು. ಮಲ್ಲಕಂಬ ನಮ್ಮ ಕಡೆದೇ. ಕಲ್ಯಾಣದ ಚಾಲುಕ್ಯರ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಾಗ ಬರಸಿದ ಮಾನಸೋಲ್ಲಾಸದಾಗ ಪೈಲವಾನರು ಕಂಬದ ಮ್ಯಾಲೆ ಸಾಧನಾ ಮಾಡೂದು ಬಂದದಂತ. ಕಂಬಕ್ಕ ಔಡಲೆಣ್ಣಿ ತಿಕ್ಕಿ ಹತ್ತತಾರ, ಹುಡುಗ್ಯಾರು ಹಗ್ಗದ ಮಲ್ಲಕಂಬ ಮಾಡ್ತಾರ. ಬಾಗಲಕೋಟಿ, ಗದಗ ಕಡೆ ಇವತ್ತಿಗೂ ಜಾತ್ರ್ಯಾಗ, ಸಾಲ್ಯಾಗ ನೋಡಲಿಕ್ಕೆ ಸಿಗ್ತದ.

ಬಟ್ಟಿ ಬಗ್ಗೆ ಜಗಳಾ ಬ್ಯಾಡ. ನಮ್ಮಾಕಿ ಟೀಶರ್ಟು, ಲೆಗ್ಗಿಂಗ್ಸ್ ಹಾಕ್ಕೋತಾಳ. 2021ರಾಗ ಟೋಕಿಯೋ ಒಲಿಂಪಿಕ್ಸ್‌ನಾಗ ಜರ್ಮನಿ ಹುಡುಗ್ಯಾರು ಹಿಮ್ಮಡದ ತನಕ ಮೈ ಮುಚ್ಚೂ ಬಟ್ಟಿ ಹಾಕ್ಕೊಂಡೇ ಆಡಿದ್ರು, ನಿಯಮದಾಗ ಅದಕ್ಕ ಅಡ್ಡಿಯಿಲ್ಲ. ಬಟ್ಟಿಗೆ ಹೆದರಿ ಆಟ ಬಿಡಿಸೂದ್ಯಾಕ, ಬಟ್ಟಿ ಬದಲಿಸಿದ್ರಾತು.

ಈಗ ಅಡಗಿಮನಿಯಾಗ ಕಿವ್ಯಾಗ ಹೇಳಿದ ಮಾತಿಗೆ ಬರ್ತೀನಿ. "ಕಾಲು ಅಷ್ಟು ಚಾಚಿಸ್ತಾರ, ಮೈಯಾಗ ಏನರ ಹೆಚ್ಚು-ಕಡಿಮಿ ಆದ್ರ ಮುಂದ ಲಗ್ನಕ್ಕ ತೊಂದರಿ ಆಗ್ತದವಾ." ಹೇಳಿದವರ ಮ್ಯಾಲೆ ನನಗ ಸಿಟ್ಟಿಲ್ಲ, ಪ್ರೀತಿಲೇ ಹೇಳಿದ್ರು. ಆದ್ರ ಇದೇ ಮಾತು ಜೋರಾಗಿ ಹೇಳಲಾರದ ಮಾತು, ಅದಕ್ಕ ಇದಕ್ಕ ಯಾರೂ ಎದುರು ಹೇಳೂದಿಲ್ಲ, ಅದಕ್ಕೇ ಇದು ಸಾಯೂದಿಲ್ಲ. ಡಾಕ್ಟರನ್ನ ಕೇಳ್ರಿ, ಹುಡುಗಿ ಮೈ ನೋಡಿ ಆಕಿ ಶೀಲ ಹೇಳೂ ವಿದ್ಯಾ ಯಾವ ಡಾಕ್ಟರಿಗೂ ಬರೂದಿಲ್ಲ, ಅಂಥಾದ್ದು ಇಲ್ಲೇ ಇಲ್ಲ. ಮತ್ತ ನಾವು? ಪಂಚಮಿಗೆ ಜೋಕಾಲಿ ಮ್ಯಾಲೆ ನಿಂತು ಮುಗಲಿಗೆ ಜೀಕಿದವರು, ಹುಣಸಿಗಿಡ ಹತ್ತಿದವರು, ಭಾವಿಯಿಂದ ಎರಡೆರಡು ಕೊಡಾ ಹೊತ್ತವರು. ನಮ್ಮ ಲಗ್ನ ಆಗಲಿಲ್ಲೇನು?

ಇಷ್ಟು ಜೋರಿಲೆ ಮಾತಾಡಲಿಕ್ಕೆ ನನಗೊಂದು ಕಾರಣ ಅದ. ಇದೇ ಮಾತು ಕೇಳಿ ನಾ ಒಮ್ಮೆ ತಲಿ ಹಾಕಿದಾಕಿ.

ನನ್ನ ಮಗಳು ಸಾಲ್ಯಾಗ ಹಗ್ಗದ ಮಲ್ಲಕಂಬ ಮಾಡ್ತಿದ್ಲು. ಪಿ.ಟಿ. ಮಾಸ್ತರು ಒಂದು ದಿನ ಮನಿಗೇ ಬಂದು, "ಜಿಲ್ಲಾಕ್ಕ ಕಳಸ್ತೀನ್ರಿ, ಕೂಸಿನ ಹಿಡತ ಭಾಳ ಛಲೋ ಅದ" ಅಂದಿದ್ರು. ಆ ತಿಂಗಳೇ ಆಕಿ ದೊಡ್ಡಾಕಿ ಆದ್ಲು. ಆಗ ಆಕಿಗೆ ಹನ್ನೆರಡು. ಅತ್ತಿಯವರು ಏನೂ ಅನ್ನಲಿಲ್ಲ, ಆಜೂಬಾಜೂದವರು ಅಂದ್ರು, ನಾ ಕೇಳಿದೆ. ಅವರ ಅಪ್ಪ "ನಿನಗ ತಿಳದಂಗ ಮಾಡು" ಅಂದಿದ್ರು. ಅಂದ್ರ ಬಿಡಿಸಿದ್ದು ಬ್ಯಾರೆ ಯಾರೂ ಅಲ್ಲ, ನಾನೇ. ಹುಡುಗಿ ಅಳಲಿಲ್ಲ, ಸಿಟ್ಟೂ ಆಗಲಿಲ್ಲ. ಆಟದ ಚಡ್ಡಿ ತಾನೇ ಒಗದು ಒಣಗಿಸಿ ಮಡಚಿ ನನ್ನ ಕೈಯಾಗ ಕೊಟ್ಟು "ಒಲಿ ಕಟ್ಟಿ ಒರಸಲಿಕ್ಕೆ ಆಗ್ತದವಾ" ಅಂದ್ಲು. ನಾ ಒರಸಿದೆ ಕೂಡ. ಈಗ ಆಕಿಗೆ 34, ದಿನಾ ಎಂಟು ತಾಸು ಕಂಪ್ಯೂಟರ್ ಮುಂದ ಕೂತು ಟೊಂಕನೋವು. ತನ್ನ ಮಗಳನ್ನ ಕ್ಲಾಸಿಗೆ ಹಾಕಿ ಮೂರು ತಿಂಗಳ ತನಕ ನನಗ ಹೇಳಿರಲಿಲ್ಲ. ಯಾಕ ಹೇಳಲಿಲ್ಲ ಅಂತ ನಾನೂ ಕೇಳಲಿಲ್ಲ. ಕೇಳೂ ಮಾರಿ ನನಗಿರಲಿಲ್ಲ. "ನಾಳೆಯಿಂದ ನಾ ಕರಕೊಂಡು ಹೋಗ್ತೀನಿ" ಅಂತಷ್ಟೇ ಅಂದೆ.

"ಅಷ್ಟು ಮಾಡಿ ಏನಾಗೂದದ, ಒಲಿಂಪಿಕ್ಸಿಗೆ ಹೋಗ್ತಾಳೇನು?" ಅಂತೀರಿ. ಹೋಗೂದಿಲ್ಲ. ಹಾಡಿನ ಕ್ಲಾಸಿಗೆ ಹೋದವರೆಲ್ಲಾ ಗಂಗೂಬಾಯಿ ಹಾನಗಲ್ ಆದ್ರೇನು? ಆದ್ರೂ ಕಳಸ್ತೀವಿ. ಹಂಗಂತ ಹೋದವರ ಕಥಿ ಬ್ಯಾಡಂತಲ್ಲ. ತ್ರಿಪುರಾದ ಅಗರ್ತಲಾದ ದೀಪಾ ಕರ್ಮಾಕರ್, ಹುಟ್ಟಾ ಅಂಗಾಲು ಚಪ್ಪಟಿ ಇದ್ದ ಹುಡುಗಿ. ಅಂಗಾಲು ಚಪ್ಪಟಿ ಇದ್ರ ಜಿಗಿಯೂದು, ಇಳಿಯೂದು ಭಾಳ ತ್ರಾಸು. ಆರನೇ ವರ್ಷಕ್ಕ ಶುರು ಮಾಡಿ 2016ರಾಗ ರಿಯೋ ಒಲಿಂಪಿಕ್ಸ್‌ನಾಗ ವಾಲ್ಟ್ ಫೈನಲ್‌ಗೆ ಹೋಗಿ ನಾಕನೇದಾಕಿ ಆದ್ಲು. ಕಂಚು ತಪ್ಪಿದ್ದು 0.15 ಅಂಕಕ್ಕ. ಆವತ್ತು ರಾತ್ರಿ ನಮ್ಮನ್ಯಾಗ ಎಲ್ಲಾರೂ ನಿದ್ದಿಗೆಟ್ಟು ನೋಡಿದ್ವಿ.

ಆದ್ರ ನನ್ನ ಮನಸಿನ್ಯಾಗ ಉಳದಾಕಿ ಬ್ಯಾರೆ. ಅದೇ ಫೈನಲ್‌ನಾಗ ದೀಪಾನ ಜೋಡಿ ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಅನ್ನೂ ಹೆಣ್ಣಮಗಳಿದ್ಲು. ಆವಾಗ ಆಕಿಗೆ 41, ಹರೇದ ಮಗ ಇದ್ದ. ಆ ಮಗ ಸಣ್ಣಾವ ಇದ್ದಾಗ ರಕ್ತದ ಕ್ಯಾನ್ಸರ್ ಆಗಿತ್ತು. ಔಷಧ ಮಾಡಸಲಿಕ್ಕೆ ಜರ್ಮನಿಗೆ ಹೋಗಿ, ಮುಂದ ಆ ದೇಶಕ್ಕ ಆಡಿ 2008ರಾಗ ಬೆಳ್ಳಿ ಗೆದ್ದಾಕಿ. ಮಗ ಆರಾಮಾದ, ಆಕಿ ಆಡೂದು ಬಿಡಲಿಲ್ಲ. 1992ರಿಂದ ಟೋಕಿಯೋದ ತನಕ ಎಂಟು ಒಲಿಂಪಿಕ್ಸ್. ಹೆಣ್ಣಿನ ಮೈ ಹನ್ನೊಂದಕ್ಕ ಮುಗೀತದ ಅನ್ನೂವರು ಆಕಿನ್ನ ಒಮ್ಮೆ ನೋಡ್ರಿ.

ಎಲ್ಲಾ ಕ್ಲಾಸು ಛಲೋ ಅಂತ ಮಾತ್ರ ನಾ ಹೇಳೂದಿಲ್ಲ. ನಾವು ಮೊದಲ ಹೋದ ಒಂದು ಕ್ಲಾಸಿನ್ಯಾಗ ಹುಡುಗಿ ಕುಂಯ್ಯಂತ ಅಳಲಿಕತ್ತಿದ್ರೂ ಮ್ಯಾಲೆ ಕೂತು ಕಾಲು ಅದುಮತಿದ್ರು, ತಾಯಂದಿರನ್ನ ಒಳಗ ಬಿಡತಿರಲಿಲ್ಲ. ವರ್ಷದ ಫೀ ತುಂಬಿದ್ವಿ, ಹೋದ್ರ ಹೋಗಲಿ ಅಂತ ಹತ್ತನೇ ದಿನಕ್ಕ ಬಿಟ್ಟು ಬಂದ್ವಿ. ಅಮೇರಿಕಾದಾಗ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರೇ ವರ್ಷಗಟ್ಟಲೆ ಹುಡುಗ್ಯಾರ ಮೈಮ್ಯಾಲೆ ಕೈಮಾಡಿದ್ದು ಹೊರಗ ಬಂತು. 2018ರಾಗ ಕೋರ್ಟಿನ್ಯಾಗ ನೂರೈವತ್ತಕ್ಕೂ ಹೆಚ್ಚು ಹೆಣ್ಣಮಕ್ಕಳು ಎದ್ದು ನಿಂತು ಹೇಳಿದ್ರು. ಅದಕ್ಕ ಬಾಗಲಾ ಮುಚ್ಚಿ ಕಲಸೂ ಜಾಗಾಕ್ಕ ಕಳಿಸಬ್ಯಾಡ್ರಿ, ಗಾದಿ ದಪ್ಪ ಅದ ಇಲ್ಲ ಕಾಲಿಲೆ ಒತ್ತಿ ನೋಡ್ರಿ, ಕಲಸೂವರು ಮುಟ್ಟೂ ಮೊದಲ ಕೂಸನ್ನ ಕೇಳ್ತಾರ ಇಲ್ಲ ನೋಡ್ರಿ. ನಿಮಗ ಹೋಗಲಿಕ್ಕೆ ಪುರಸತ್ತಿಲ್ಲಂದ್ರ ನಿಮ್ಮ ಅತ್ತಿನ್ನ ಕಳಸ್ರಿ. ಮನ್ಯಾಗ ಧಾರಾವಾಹಿ ನೋಡೂಕಿಂತ ಅಲ್ಲೆ ಕೂತ್ರ ಅವರಿಗೂ ಹೊತ್ತು ಹೋಗ್ತದ. ನನಗೇ ಈಗ ಕೂಸು ಗಾದಿ ಮ್ಯಾಲೆ ಉರುಳೂದು ಕಲಸಲಿಕತ್ತದ. ಎಡಗಡೆ ಬರ್ತದ, ಬಲಗಡೆ ಇನ್ನೂ ಬರವಲ್ತು.

ಅಂದಂಗ, ಬರೂ ಶುಕ್ರವಾರ ಪಕ್ಕದ ಓಣಿ ವೈನಿಯವರ ಮನ್ಯಾಗ ಕುಂಕುಮ ಅದಂತ ಹೇಳಿಕಳಿಸ್ಯಾರ. ನಮಗ ಸಂಜಿ ಐದರಿಂದ ಆರು ಕ್ಲಾಸ ಇರ್ತದ. ಮುಗಿಸಿಕೊಂಡು, ಕೂಸಿಗೆ ಕೈಕಾಲು ತೊಳಿಸಿ ಏಳಕ್ಕ ಬರ್ತೀವಿ. ಆಕಿಗೊಂದೀಟು ಪಾನಕ ತಗದಿಡ್ರಿ.