ಬಿಸಿಲಿನ ನಾಡು, ಅಳೆಯದ ಗಾಳಿ

ವಿದ್ಯುತ್ತಿನ ನಿಜವಾದ ಬೆಲೆ ಘಟ್ಟದ ಜನರಿಗೆ ತಿಳಿದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರು, ಕಾಡುಗಳು ಮುಳುಗಿದವು. ಇಂದು ಬಯಲುಸೀಮೆಯೂ ಆ ಬೆಲೆ ತೆರುತ್ತಿದೆ. ಅವಿಭಜಿತ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವಿದೆ. ಅದಕ್ಕೆ ನೀರು ಆಲಮಟ್ಟಿಯದು. 2014ರ ಜುಲೈನಲ್ಲಿ ಅದನ್ನು ವಿರೋಧಿಸಿದ ರೈತರ ಮೇಲೆ ಗೋಲಿಬಾರ್ ನಡೆದುದನ್ನು ನಾಡು ಮರೆಯಬಾರದು.

ಇಂಡಿ, ಸಿಂದಗಿ, ಮುದ್ದೇಬಿಹಾಳಗಳನ್ನೊಳಗೊಂಡ ಈ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ. ಹಾಗಾಗಿ ಟೈಟಾನಿಯಂ ಡೈಆಕ್ಸೈಡ್ ಎಂಬ ವಸ್ತುವಿನ ಸಂಶೋಧನೆ ಇಲ್ಲಿಗೆ ಪ್ರಸ್ತುತ. ಗೋಡೆಯ ಬಿಳಿ ಬಣ್ಣದಲ್ಲಿರುವ ಪುಡಿಯೇ ಇದು. ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದ ಅಳತೆಯಲ್ಲಿ ಇದರ ಕಣಗಳನ್ನು ರೂಪಿಸಿದರೆ ಹಿಡಿ ಪುಡಿಗೂ ಅಪಾರ ಮೇಲ್ಮೈ ದೊರೆಯುತ್ತದೆ. 1991ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಬ್ರಯಾನ್ ಓ'ರೀಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ ಅದಕ್ಕೆ ವರ್ಣದ್ರವ್ಯ ಲೇಪಿಸಿ, ಬಿಸಿಲಿನ ಸುಮಾರು ಶೇ. 7 ಭಾಗವನ್ನು ವಿದ್ಯುತ್ತಾಗಿಸಿದರು. ಅದೇ ಮೇಲ್ಮೈಗೆ ಅನಿಲದ ಅಣುಗಳು ಅಂಟಿದಾಗ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆಯುವುದೇ ಅನಿಲ ಸಂವೇದಕದ ಕೆಲಸ.

ಬಿಸಿಲಿನಿಂದ ವಿದ್ಯುತ್ ಪಡೆಯಲು ಸಿಲಿಕಾನ್ ಫಲಕಗಳು ಈಗಾಗಲೇ ಇವೆ. ಹೊಸ ಕೋಶಕ್ಕಾಗಿ ಕಾಯಬೇಕಿಲ್ಲ. ನಮ್ಮ ಗಮನವಿರುವುದು ಎರಡನೆಯ ಗುಣದ ಮೇಲೆ. ಉಷ್ಣ ಸ್ಥಾವರಗಳ ಗಂಧಕದ ಡೈಆಕ್ಸೈಡಿಗೆ ಕೇಂದ್ರ ಪರಿಸರ ಸಚಿವಾಲಯವು 2015ರ ಡಿಸೆಂಬರಿನಲ್ಲಿ ಮಿತಿ ವಿಧಿಸಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದಲೇ ವಿನಾಯಿತಿ ದೊರೆಯಿತು. ನಿಯಂತ್ರಣ ಸಡಿಲಗೊಂಡಾಗ ಅಳತೆಯಾದರೂ ಜನರ ಕೈಯಲ್ಲಿರಬೇಡವೇ?

ಈ ಪುಡಿಯೂ ನಿರ್ದೋಷಿಯಲ್ಲ. ಇದರ ಮೂಲ ಇಲ್ಮನೈಟ್ ಮರಳು. ಅಂಥ ಮರಳಿನ ಗಣಿಗಾರಿಕೆಯ ವಿರುದ್ಧ ಕೇರಳದ ಆಲಪ್ಪಾಡಿನ ಜನ 2018-19ರಲ್ಲಿ ಬೀದಿಗಿಳಿದರು. ಉಸಿರಿನೊಡನೆ ಒಳಹೋಗುವ ಇದರ ಧೂಳು ಕ್ಯಾನ್ಸರಿಗೆ ಕಾರಣವಾಗಬಹುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ವರ್ಗೀಕರಿಸಿತು. ತೇವ, ಶಾಖಗಳಿಂದ ಸಂವೇದಕದ ಲೆಕ್ಕವೂ ತಪ್ಪಬಹುದು. ಆದ್ದರಿಂದ ಅದು ಅಧಿಕೃತ ಮಾಪನಕ್ಕೆ ಬದಲಿಯಲ್ಲ, ಪೂರಕ ಮಾತ್ರ.

ಸರ್ಕಾರದ ಮುಂದೆ ನಮ್ಮ ಒತ್ತಾಯವಿಷ್ಟೆ: ಸ್ಥಾವರದ ಸುತ್ತಲಿನ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಸಂವೇದಕಗಳಿರಲಿ. ಮಾಲಿನ್ಯ ನಿಯಂತ್ರಣ ಮಂಡಳಿ ಅವನ್ನು ತನ್ನ ಉಪಕರಣಗಳೊಡನೆ ನಿಯತವಾಗಿ ತಾಳೆ ನೋಡಲಿ. ದಿನದಿನದ ಅಂಕಿಅಂಶವನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಯ ಮೇಲೆ ಪ್ರಕಟಿಸಲಿ. ಭೂಮಿ ಕೊಟ್ಟವರಿಗೆ ತಾವು ಉಸಿರಾಡುವ ಗಾಳಿಯ ಲೆಕ್ಕ ಕೇಳುವ ಹಕ್ಕಿದೆ.